ಬೀಗರ ಮುಂದಿನ ಗಾಲ್ಫ್ ಮಾತು

ಸಂಬಂಧ ತಂದ ಕೊಟ್ರಯ್ಯನವರು ಹೊರಡುವಾಗ ಮೆಟ್ಟಿಲ ಮೇಲೆ ನಿಂತು ಒಂದು ಗುಟ್ಟು ಹೇಳಿದರು. "ಹುಡುಗನ ಅಪ್ಪ ಈಶ್ವರ್ ಅವರಿಗೆ ಗಾಲ್ಫ್ ಅಂದ್ರ ಜೀವ. ಆ ಮಾತು ತಗದ್ರಿ ಅಂದ್ರ ಮುಗೀತು, ಮನುಷ್ಯಾ ಕರಗಿಬಿಡ್ತಾನ."

ನಮ್ಮ ಯಜಮಾನರು ಅಂದಾನಪ್ಪ ಕಂಪ್ಲಿಯಲ್ಲಿ ಅಕ್ಕಿ ಗಿರಣಿ ನಡೆಸಿದವರು. ಈಗ ಗಿರಣಿ ಮೈದುನನ ಕೈಯಲ್ಲಿದೆ, ನಾವು ಹೊಸಪೇಟೆಯಲ್ಲಿದ್ದೇವೆ. ಒಂದು ಭತ್ತದ ಕಾಳನ್ನು ಹಲ್ಲಿನಲ್ಲಿ ಕಚ್ಚಿ ತೇವ ಎಷ್ಟಿದೆ ಎಂದು ಹೇಳಬಲ್ಲರು. ಗಾಲ್ಫ್ ಕೋಲನ್ನು ಮಾತ್ರ ಕಣ್ಣಾರೆ ಕಂಡವರಲ್ಲ. ಅಂದಿನಿಂದ ಮಧ್ಯಾಹ್ನದ ಊಟವಾದ ಮೇಲೆ ಫೋನನ್ನು ನೀರಿನ ಚೊಂಬಿಗೆ ಒರಗಿಸಿಟ್ಟು ಆ ಆಟ ನೋಡಲು ಕುಳಿತರು. ಬಿಳಿ ಚೆಂಡು ಹುಲ್ಲಿನ ಮೇಲೆ ಉರುಳುತ್ತ ಹೋಗಿ ಕುಳಿಗೆ ಬೀಳುವವರೆಗೂ ಉಸಿರು ಹಿಡಿದಿರುತ್ತಿದ್ದರು. ಯಾರು ಎಷ್ಟು ಗೆದ್ದರು ಎಂಬುದನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿದರು.

"ಅವರಿಗೆ ಯಾವ ಆಟಗಾರ ಸೇರ್ತಾನ ಅಂತ ಗೊತ್ತಿಲ್ಲಲ್ರಿ" ಎಂದೆ.

"ಯಾರರ ಆಗ್ಲಿ. ಅವರು ಯಾರನ್ನ ದೊಡ್ಡವ ಅಂತಾರ, ನಾನೂ ಅವನ್ನ ಅಂತೀನಿ. ಬೀಗರು ಉಪ್ಪನ್ನ ಸಿಹಿ ಅಂದ್ರ ಸಿಹಿನ."

ಇದು ನಮ್ಮ ಮಾವನವರ ಕಾಲದಿಂದ ಬಂದ ನೇಮ. ಬೀಗರು ಮನೆಗೆ ಬಂದ ದಿನ ಅವರ ಮಾತಿಗೆ ಎದುರಾಡಬಾರದು.

ನಮ್ಮ ಮಗಳು ಶೈಲಜಾ ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಾಳೆ. ಅವಳ ಮೊದಲ ಮದುವೆ ಕೋರ್ಟಿನಲ್ಲಿ ಮುಗಿದು ಕೆಲವು ವರ್ಷಗಳಾದವು. ಈಗ ನೋಡಲು ಬರುವವನಿದ್ದ ಹುಡುಗ ಹಂಪೇಶನದೂ ಹಾಗೆಯೇ. ಹಳೆಯದನ್ನು ಯಾರೂ ಕೆದಕಬಾರದು ಎಂದು ಎರಡೂ ಮನೆಗಳ ನಡುವೆ ಕೊಟ್ರಯ್ಯನವರ ಮೂಲಕ ಮಾತಾಗಿತ್ತು. ಎಷ್ಟೋ ಸಂಬಂಧಗಳನ್ನು ಬೇಡವೆಂದಿದ್ದ ಶೈಲಜಾ ಇದಕ್ಕೆ ಒಪ್ಪಿದ್ದು ಒಂದೇ ಷರತ್ತಿನ ಮೇಲೆ.

"ಅಪ್ಪಾಜಿ, ನಾ ಏನೋ ತಪ್ಪು ಮಾಡೀನಿ, ಅವರು ದೊಡ್ಡ ಮನಸ್ಸು ಮಾಡಿ ಬಂದಾರ ಅನ್ನೋ ಹಂಗ ಮಾರಿ ಮಾಡ್ಕೊಂಡು ಕುಂದ್ರಬ್ಯಾಡ್ರಿ. ನನ್ನಿಂದ ನಿಮಗ ನಾಚಿಕಿ ಆಗ್ತಿದ್ರ ಈಗ ಹೇಳ್ರಿ. ಅವರಿಗೆ ಬರೋದು ಬ್ಯಾಡ ಅಂತೀನಿ."

"ನಾ ಯಾವಾಗರ ಹಂಗ ಅನಕೊಂಡೀನೇನವ್ವ" ಎಂದರು ಇವರು.

ಅವಳು ಅಪ್ಪನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಸರಿ ಎಂದಳು.

ಭಾನುವಾರ ಬೆಳಿಗ್ಗೆ ಅವರು ಬಂದರು. ಈಶ್ವರ್ ಸಂಡೂರಿನ ಕಡೆಯ ಗಣಿಯೊಂದರಲ್ಲಿ ಮ್ಯಾನೇಜರಾಗಿದ್ದು ನಿವೃತ್ತರಾದವರು. ಜೊತೆಗೆ ಅವರ ಹೆಂಡತಿ ರೇಣುಕಮ್ಮ, ಮಗ ಹಂಪೇಶ. ಹಂಪೇಶ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ನೇರವಾಗಿ ಬಂದಿದ್ದನಂತೆ, ಕಣ್ಣು ಕೆಂಪಾಗಿದ್ದವು. ಬಾಗಿಲಲ್ಲಿ ತನ್ನ ಚಪ್ಪಲಿ ಬಿಡುವಾಗ, ಅಡ್ಡಬಿದ್ದಿದ್ದ ನನ್ನ ಚಪ್ಪಲಿಯನ್ನೂ ಬಗ್ಗಿ ಕೈಯಿಂದಲೇ ನೆಟ್ಟಗೆ ಇಟ್ಟ. ಯಾರೂ ನೋಡುತ್ತಿಲ್ಲ ಎಂದುಕೊಂಡಿರಬೇಕು.

ಮಂಡಕ್ಕಿ ನೆನೆಸಿ ಮಾಡಿದ ಮಂಡಾಳು ಒಗ್ಗರಣೆ, ಮಿರ್ಚಿ, ಶಿರಾ ಕೊಟ್ಟೆವು. ಈಶ್ವರ್ ಮಿರ್ಚಿ ಮುರಿಯುತ್ತ, ತಾವು ಆಡಿದ್ದ ಗಾಲ್ಫಿನ ಮಾತನ್ನು ತಾವೇ ತೆಗೆದರು.

"ನಾವು ಆಡಿದ್ದು ಗಣಿ ಕ್ಯಾಂಪಿನ ಬಯಲಾಗ್ರಿ. ಹುಲ್ಲು ಎಲ್ಲಿಂದ ಬರಬೇಕು? ಬರೇ ಕೆಂಪು ಧೂಳು. ನಾಕು ಹೊಡತ ಹೊಡೆಯೋದ್ರಾಗ ಚೆಂಡೂ ಕೆಂಪು, ನಾವೂ ಕೆಂಪು. ಚೆಂಡು ಎಲ್ಲಿ, ಕಲ್ಲು ಎಲ್ಲಿ, ಗೊತ್ತ ಆಗ್ತಿದ್ದಿಲ್ಲ."

ಇವರು ಕಾಯುತ್ತಿದ್ದದ್ದೇ ಇದಕ್ಕೆ. "ಅಲ್ರೀ, ಎಲ್ಲಾ ಕಾಲಕ್ಕೂ ದೊಡ್ಡ ಆಟಗಾರ ಅಂದ್ರ ಯಾರ ಹೆಸರು ಹೇಳ್ತೀರಿ ನೀವು?"

"ಟೈಗರ್ ವುಡ್ಸ್."

"ಹೌದೌದು. ಟೈಗರ್."

"ಆದ್ರ ಜಾಕ್ ನಿಕ್ಲಾಸ್ ದೊಡ್ಡ ಟೂರ್ನಿ ಹದಿನೆಂಟು ಗೆದ್ದಾನ. ಟೈಗರ್ ಹದಿನೈದು."

"ಅದೂ ಖರೆ. ನಿಕ್ಲಾಸ್."

ಈಶ್ವರ್ ನಕ್ಕರು. "ಹಿಂಗ ಹೊಳಿ ನಡುವ ನಿಂತ್ರ ಹೆಂಗ ಯಜಮಾನ್ರ? ಒಂದು ದಂಡಿ ಹಿಡೀರಿ. ನಾ ಟೈಗರ್ ಕಡೆ. ನೀವು ನಿಕ್ಲಾಸ್ ಕಡೆ ನಿಂದ್ರಿ. ವಾದ ಮಾಡಲಾರದ ಬೀಗ ನನಗ ಬ್ಯಾಡ."

"ಬಂದ ಮನ್ಯಾಗನೂ ಶುರು ಮಾಡಿದ್ರಾ" ಎಂದರು ರೇಣುಕಮ್ಮ. ನನ್ನ ಕಡೆ ತಿರುಗಿ, "ನಮ್ಮ ಮದ್ವಿ ದಿನ ಮಂತ್ರ ಹೇಳಾಕ ಬಂದ ಅಯ್ಯನೋರ ಜೋಡಿನೂ ವಾದ ಮಾಡ್ಯಾರ ಇವರು" ಎಂದರು.

ಬೀಗರೇ ಎದುರಾಡು ಎಂದ ಮೇಲೆ ಎದುರಾಡದಿರುವುದೂ ತಪ್ಪಲ್ಲವೇ. ಇವರು ಪಂಚೆ ಸರಿಮಾಡಿಕೊಂಡು ಕುಳಿತರು.

"ಹದಿನೆಂಟು ದೊಡ್ಡದೋ ಹದಿನೈದೋ? ನಮ್ಮ ಗಿರಣಿಗೆ ಹದಿನೆಂಟು ಚೀಲ ತಂದವನ್ನ ಬಿಟ್ಟು ಹದಿನೈದು ತಂದವನ್ನ ಹೊಗಳಿದ್ರ ನಗ್ತಾರ್ರಿ."

"ಚೀಲ ಎಣಿಸಿದ್ರ ಹೆಂಗ್ರಿ, ಒಳಗಿನ ಅಕ್ಕಿ ನೋಡಬ್ಯಾಡೇನು? ನಿಕ್ಲಾಸನ ಕಾಲದಾಗ ಎದುರು ಆಡೋರು ಎಷ್ಟು ಮಂದಿ, ಟೈಗರ್ ಕಾಲದಾಗ ಎಷ್ಟು ಮಂದಿ? ಜಗತ್ತಿನ ಮೂಲಿ ಮೂಲಿಯಿಂದ ಬರ್ತಿದ್ರು."

"ನಲವತ್ತಾರನೇ ವಯಸ್ಸಿನಾಗ ಮಾಸ್ಟರ್ಸ್ ಟೂರ್ನಿ ಗೆದ್ದಾನ್ರಿ ನಿಕ್ಲಾಸ್. ಆ ವಯಸ್ಸಿನಾಗ ನಾ ಚೀಲ ಎತ್ತೋದು ಬಿಟ್ಟಿದ್ದೆ."

ಹಂಪೇಶನೂ ನಕ್ಕ. ಅಡುಗೆಮನೆಯಲ್ಲಿ ಚಹಾ ಸೋಸುತ್ತಿದ್ದ ಶೈಲಜಾಳೂ ನಕ್ಕದ್ದು ನನಗೆ ಕೇಳಿಸಿತು. ಬಹಳ ದಿನಗಳ ಮೇಲೆ ಕೇಳಿದ ನಗು ಅದು. ಈ ಸಂಬಂಧ ಕೂಡಿಬರುತ್ತದೆ ಎಂದು ಆ ಗಳಿಗೆಯಲ್ಲಿ ನನಗೆ ಅನ್ನಿಸಿತ್ತು.

ಈಶ್ವರ್ ಮುಂದಕ್ಕೆ ಬಾಗಿದರು. "ಟೈಗರಿಗೆ ಬೆನ್ನು ಆಪರೇಷನ್ ಮ್ಯಾಲೆ ಆಪರೇಷನ್. ಇವನ ಆಟ ಮುಗೀತು ಅಂತ ಎಲ್ಲಾರೂ ಬರದುಬಿಟ್ಟಿದ್ರು. ಅಂಥವ ಎದ್ದು ಬಂದು ಅದ ಮಾಸ್ಟರ್ಸ್ ಗೆದ್ದ. ಈಗ ಹೇಳ್ರಿ, ಬಿದ್ದು ಎದ್ದವ ದೊಡ್ಡವನೋ, ಬೀಳಲಾರದವ ದೊಡ್ಡವನೋ?"

ಇವರು ಕಲಿತಿದ್ದೆಲ್ಲ ಅಲ್ಲಿಗೆ ಮುಗಿದಿತ್ತು. ಕೈ ತಾನಾಗಿಯೇ ಜೇಬಿನ ಫೋನಿನ ಕಡೆಗೆ ಹೋಯಿತು, ಮತ್ತೆ ಹಿಂದೆ ಬಂತು. ಆದರೆ ವಾದದ ಕಾವು ಏರಿತ್ತು. ಸೋಲಲು ಮನಸ್ಸಿರಲಿಲ್ಲ.

"ಆಟ ಬಿಡ್ರಿ ಅತ್ಲಾಗ. ನಿಕ್ಲಾಸ್ ಒಬ್ಬಾಕಿ ಹೆಂಡ್ತಿ ಜೋಡಿ ಜೀವನಾ ಪೂರ್ತಿ ಬಾಳ್ಯಾನ. ಈ ಟೈಗರಿಗೆ ಕಟ್ಟಿಕೊಂಡ ಮನಿ ಉಳಿಸ್ಕೊಳ್ಳಾಕ ಆಗಲಿಲ್ಲ. ಕೋರ್ಟಿಗೆ ಹೋಗಿ ಮದ್ವಿ ಹರಕೊಂಡು ಬಂದವ್ರನ್ನ ತಂದು ನಿಕ್ಲಾಸನ ಪಕ್ಕ ಕುಂದ್ರಿಸ್ತೀರೇನು? ಅಂಥವರು ಎಷ್ಟು ಗೆದ್ರೇನು, ಸೋತವರ ಅವರು."

ಹಂಪೇಶ ತಟ್ಟೆಯ ಅಂಚಿಗೆ ಅಂಟಿದ ಒಂದು ಮಂಡಾಳಿನ ಕಾಳನ್ನು ಬೆರಳಿನಿಂದ ಒತ್ತುತ್ತ ಕುಳಿತಿದ್ದ. ಶೈಲಜಾ ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ತಾವು ಏನಂದೆವು ಎಂಬುದು ಇವರಿಗೆ ತಿಳಿದದ್ದು ಅವಳನ್ನು ನೋಡಿದ ಮೇಲೆ. ಮುಖ ಬಣ್ಣಗೆಟ್ಟಿತು. ನನಗೆ ಏನಾದರೂ ಹೇಳಬೇಕಿತ್ತು. ನಾನು ಸೆರಗಿನ ಅಂಚು ನೋಡುತ್ತ ಕುಳಿತುಬಿಟ್ಟೆ.

ಮೊದಲು ಎದ್ದವನು ಹಂಪೇಶ. ಹೋಗಿ ಶೈಲಜಾಳ ಕೈಯಲ್ಲಿದ್ದ ತಟ್ಟೆಯ ಇನ್ನೊಂದು ಅಂಚು ಹಿಡಿದ. "ಕೊಡ್ರಿ, ಭಾರ ಐತಿ" ಎಂದ. ತಟ್ಟೆಯಲ್ಲಿ ಇದ್ದದ್ದು ಸಣ್ಣ ಲೋಟಗಳು, ಭಾರವೇನೂ ಇರಲಿಲ್ಲ. ರೇಣುಕಮ್ಮ ಸೋಫಾದಲ್ಲಿ ಸರಿದು ಜಾಗ ಮಾಡಿ, "ಬಾರವ್ವ, ನನ್ನ ಕಡೆ ಕುಂದ್ರು" ಎಂದರು. ಈಶ್ವರ್ ಚಹಾ ಎತ್ತಿಕೊಂಡು, "ತಪ್ಪು ನಂದು. ನಾನ ಮಾತು ಎಳದೆ. ವಾದ ಅಂದ್ರ ಬಾಯಿಗೆ ಬಂದಿದ್ದು ಬರ್ತೈತಿ" ಎಂದರು. ಮನೆಗೆ ಬಂದವರು ನಮ್ಮ ತಪ್ಪನ್ನು ತಮ್ಮ ತಲೆಯ ಮೇಲೆ ಹಾಕಿಕೊಂಡರು. ಅದನ್ನು ಕೇಳಿ ನನಗೆ ಇನ್ನಷ್ಟು ನಾಚಿಕೆಯಾಯಿತು.

ಅವರು ಚಹಾ ಪೂರ್ತಿ ಕುಡಿದು, ಬಿಸಿಲಿನ ಮಾತಾಡಿ, ನಿಧಾನವಾಗಿಯೇ ಹೊರಟರು.

ಶೈಲಜಾ ಲೋಟ ತೊಳೆಯುತ್ತಿದ್ದಳು. ಇವರು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

"ಟೈಗರ್ ಬಗ್ಗೆ ಅಂದಿದ್ದವ್ವ ನಾನು."

"ಹದಿನೆಂಟು, ಹದಿನೈದು, ಮಾಸ್ಟರ್ಸು, ಎಲ್ಲಾ ಫೋನ್ ನೋಡಿ ಕಲ್ತಿರಿ ಅಪ್ಪಾಜಿ" ಎಂದಳು ಅವಳು, ತಿರುಗಿ ನೋಡದೆ. "ಕಡೀ ಮಾತು ಫೋನ್ ನೋಡಿ ಕಲ್ತಿದ್ದಲ್ಲ. ಅದು ನಿಮ್ಮದು."

ಇವರು ಜೇಬಿನಿಂದ ಫೋನ್ ತೆಗೆದು, "ಈಶ್ವರ್ ಅವರಿಗೆ ಒಂದು ಮಾತು ಹೇಳಿಬಿಡ್ತೀನಿ, ತಪ್ಪಾತು ಅಂತ" ಎಂದರು.

"ಅವರಿಗೆ ಹೇಳಾಕ ಬಾಯಿ ಬರ್ತೈತಿ ನಿಮಗ" ಎಂದಷ್ಟೇ ಹೇಳಿ ಅವಳು ನಲ್ಲಿ ಜೋರು ಮಾಡಿದಳು.

ಫೋನ್ ಮತ್ತೆ ಜೇಬಿಗೆ ಹೋಯಿತು. ಆ ವಾರ ಇವರು ಊಟಕ್ಕೆ ಕುಳಿತಾಗ ಮಜ್ಜಿಗೆ ಬೇಕೆಂದೂ ಕೇಳಲಿಲ್ಲ, ಬಡಿಸಿದ್ದನ್ನು ಉಂಡು ಏಳುತ್ತಿದ್ದರು. ಮಗಳು ಕಾಲೇಜಿಗೆ ಹೊರಡುವ ಹೊತ್ತಿಗೆ ಸರಿಯಾಗಿ ಪೇಪರ್ ಹಿಡಿದು ಒಳಕೋಣೆಗೆ ಹೋಗುತ್ತಿದ್ದರು.

ಹಂಪೇಶ ಶೈಲಜಾಳಿಗೇ ಫೋನ್ ಮಾಡಿದ. ದೊಡ್ಡವರು ಯಾರೂ ಬೇಡ, ಇಬ್ಬರೇ ಒಂದು ಸಲ ಕೂತು ಮಾತಾಡೋಣ ಎಂದನಂತೆ. ಹಂಪಿ ದಾರಿಯ ಒಂದು ಹೋಟೆಲಿನಲ್ಲಿ ಎಂದು ನಿಶ್ಚಯವಾಯಿತು. ಮನೆಗೇ ಕರೆಯಬಹುದಲ್ಲ ಎಂದು ನಾನು ಕೇಳಿದೆ.

"ಈ ಮನ್ಯಾಗ ಬ್ಯಾಡವ್ವ" ಎಂದಳು.

ಇವರಿಗೂ ಅದು ಕೇಳಿಸಿತ್ತು. ಅವಳು ಹೊರಡುವ ದಿನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಅಂಗಳದಲ್ಲಿ ನಿಂತಿದ್ದರು, ಕರೆಯುತ್ತಾಳೇನೋ ಎಂಬಂತೆ. ಅವಳು ಕರೆಯಲಿಲ್ಲ. ಹೆಲ್ಮೆಟ್ ಹಾಕಿಕೊಂಡು ಸ್ಕೂಟಿ ತಿರುಗಿಸಿದಳು. ಇವರು ಹೋಗಿ ಗೇಟು ತೆರೆದರು, ಅದನ್ನು ಹಿಡಿದುಕೊಂಡೇ ನಿಂತರು. ತುಟಿ ಅಲುಗಾಡಿತು. ಏನೋ ಅಂದರು, ಮೆಲ್ಲಗೆ.

ಶೈಲಜಾ ಗಾಡಿ ಬಂದ್ ಮಾಡಿದಳು. ಹೆಲ್ಮೆಟ್ ತೆಗೆದು ಹ್ಯಾಂಡಲ್ ಮೇಲೆ ಇಟ್ಟಳು.

"ಜೋರು ಹೇಳ್ರಿ ಅಪ್ಪಾಜಿ. ಅವತ್ತು ಜೋರು ಹೇಳಿದ್ರಿ."

ಎದುರು ಮನೆಯ ಜಂಬುನಾಥ ಗಿಡಗಳಿಗೆ ನೀರು ಬಿಡುತ್ತಿದ್ದ. ಇವರು ಅವನ ಕಡೆ ಒಮ್ಮೆ ನೋಡಿದರು, ನನ್ನ ಕಡೆ ನೋಡಿದರು.

"ನಿನ್ನಿಂದ ನನಗ ನಾಚಿಕಿ ಆಗ್ತಿತ್ತು" ಎಂದರು. ದನಿ ಬೀದಿಗೆ ಕೇಳುವಷ್ಟು ಜೋರಾಗಿತ್ತು. "ನೀ ಗಂಡನ ಮನಿ ಬಿಟ್ಟು ಬಂದ ದಿನದಿಂದ. ಇಲ್ಲ ಅಂತ ನಿನ್ನ ಮುಂದ ಸುಳ್ಳು ಹೇಳಿದೆ. ನಾಚಿಕಿ ಪಡಬೇಕಾದವ ನಾನು."

ಜಂಬುನಾಥ ಪೈಪು ಹಿಡಿದುಕೊಂಡು ಮನೆಯ ಹಿಂದಕ್ಕೆ ಹೋದ. ಅಲ್ಲಿ ನೀರು ಹಾಕುವಂಥ ಗಿಡವೇನೂ ಇಲ್ಲ.

ಶೈಲಜಾ ಕಣ್ಣು ಒರೆಸಿಕೊಳ್ಳಲಿಲ್ಲ. ಹೆಲ್ಮೆಟ್ ಮತ್ತೆ ಹಾಕಿಕೊಂಡು ಪಟ್ಟಿ ಬಿಗಿದಳು.

"ನನ್ನ ನೀರಿನ ಬಾಟ್ಲಿ ಒಳಗ ಉಳೀತು" ಎಂದಳು.

ನಾನು ತರಲು ತಿರುಗಿದೆ.

"ಅವ್ವ, ನೀ ನಿಂದ್ರು. ಅಪ್ಪಾಜಿ ತರ್ತಾರ."

ಜೀವನದಲ್ಲಿ ತಮಗೆ ಬೇಕಾದ ನೀರನ್ನೂ ತಾವು ತಂದುಕೊಂಡವರಲ್ಲ ಇವರು. ಚಪ್ಪಲಿ ಮೆಟ್ಟಿಕೊಂಡೇ ಅಡುಗೆಮನೆಗೆ ಓಡಿದರು. ಒಳಗಿನಿಂದ ಡಬ್ಬಿಗಳು ಬೀಳುವ ಸದ್ದು ಬಂತು. ಶೈಲಜಾ ಗಾಡಿ ಶುರುಮಾಡದೆ ಕಾಯುತ್ತಿದ್ದಳು.