ಇಂಜಿನ್ ಬಂದ್ ಆದ ಮೇಲೆ

ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಶಿರಹಟ್ಟಿ ಬಸ್ ಸ್ಟ್ಯಾಂಡಿನಲ್ಲಿ ಯಾರನ್ನು ಬೇಕಾದರೂ ಕೇಳಿ, ಜೀಪಿನ ಅಝೀಮ ಅಂದರೆ ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. ಆದರೆ ಕಪ್ಪತಗುಡ್ಡದ ಅಂಚಿನ ತೋಳಗಳ ಮುಂದೆ ಎರಡು ವರ್ಷ ನಾನು ಉಸಿರನ್ನೂ ಜೋರಾಗಿ ಬಿಡಲಿಲ್ಲ.

ತೋಳ ನೋಡಲು ನನ್ನ ಜೀಪು ಹತ್ತಿದವರಿಗೆ ನನ್ನ ಕಟ್ಟಳೆ ಇಷ್ಟೇ: ಕೆಳಗಿಳಿಯಬಾರದು, ತಿನ್ನಲು ಎಸೆಯಬಾರದು, ಶಿಳ್ಳೆ ಹಾಕಬಾರದು. ಒಂಟಿ ಜಾಲಿಗಿಡದ ಹತ್ತಿರ ಇಂಜಿನ್ ಬಂದ್. ಬಿಸ್ಕತ್ತು ಎಸೆದ ಒಬ್ಬ ಸಾಹೇಬನನ್ನು ವಾಪಸು ಊರತನಕ ಬಿಸಿಲಲ್ಲಿ ನಡೆಸಿದ್ದೇನೆ.

"ತೋಳಕ್ಕ ಕೊಡೂ ಮರ್ಯಾದಿ ಮನ್ಯಾಗ ನನಗೂ ಸ್ವಲ್ಪ ಕೊಡ್ರಿ," ಎಂದು ಹೆಂಡತಿ ಗುಲ್ನಾಜ ಚುಚ್ಚುತ್ತಿದ್ದಳು.

ಬರಬರುತ್ತ ತೋಳಗಳು ಹೆದರುವುದನ್ನೇ ಬಿಟ್ಟವು. ಇಂಜಿನ್ ನಿಂತೊಡನೆ ತಾಯಿತೋಳ ಪೊದೆಯಿಂದ ಎದ್ದು ಬರುತ್ತಿತ್ತು. ಈ ವರ್ಷ ಅದರ ಹಿಂದೆ ಮೂರು ಮರಿ.

ಅಡ್ಡಿ ಇದ್ದದ್ದು ಒಂದೇ, ಕುರಿಗಾರ ಫಕ್ಕೀರಪ್ಪನ ನಾಯಿಗಳು. "ಕಾಕಾ, ಮುಂಜಾನಿ ಹೊತ್ತು ನಾಯಿ ಕಟ್ಟಿಹಾಕ್ರಿ. ಮಂದಿ ದೂರದಿಂದ ಬಂದಿರ್ತಾರ," ಎಂದು ಬೆನ್ನು ಹತ್ತಿದೆ. ದಬಾಯಿಸಿದೆ ಅಂದರೂ ಸರಿ. ಆತ ಕಟ್ಟಿದ. ಹದಿನೈದು ದಿನದಲ್ಲಿ ತೋಳ ಅವನ ನಾಲ್ಕು ಕುರಿ ಹೊತ್ತೊಯ್ದಿತು.

ಆಗ ನಾನೇನು ಮಾಡಿದೆ ಗೊತ್ತೇ? ಮರಿಗಳನ್ನು ನೋಡಿದರೆ ಮುದುಕನ ಮನಸ್ಸು ಕರಗೀತು ಎಂದು ಅವನನ್ನೇ ಜೀಪಿನಲ್ಲಿ ಕೂರಿಸಿಕೊಂಡು ಹೋದೆ. ಇಂಜಿನ್ ನಿಲ್ಲಿಸಿದೆ. ಮೂರೂ ಮರಿ ಗಾಲಿಯವರೆಗೆ ಬಂದು ಮೂಸಿದವು.

"ಯಾವಾಗಲೂ ಹಿಂಗ ಬರ್ತಾವೇನು?" ಎಂದು ಫಕ್ಕೀರಪ್ಪ ಪಿಸುಗುಟ್ಟಿದ.

"ಇಂಜಿನ್ ಬಂದ್ ಆದ್ರ ಸಾಕು, ತಾವ ಬರ್ತಾವ ನೋಡ್ರಿ," ಎಂದೆ ಎದೆಯುಬ್ಬಿಸಿ.

"ನಲವತ್ತು ವರ್ಷ ಕುರಿ ಕಾದೇನಿ. ಒಮ್ಮಿನೂ ಇಷ್ಟ ಸನೇಕ ಬಂದಿಲ್ಲ," ಎಂದ. ಮನಸ್ಸು ಕರಗಿತು ಎಂದುಕೊಂಡೆ. ಎಂಥ ಕತ್ತೆ ನಾನು!

ಎರಡು ದಿನ ಬಿಟ್ಟು ಹೋದರೆ ಜಾಲಿಗಿಡದ ಹತ್ತಿರ ಬೇರೆ ಜೀಪಿನ ಗಾಲಿಯ ಗುರುತು. ತಾಯಿತೋಳ ಗಂಟಲು ಹರಿದು ಸತ್ತುಬಿದ್ದಿತ್ತು. ಆಚೆ ಎರಡು ಮರಿಗಳು, ಬಾಲ ನೋಡಿಯೇ ಗುರುತು ಹಿಡಿಯಬೇಕಾಯಿತು. ಮೈ ಉರಿದು ಫಕ್ಕೀರಪ್ಪನ ಕುರಿಹಟ್ಟಿಗೆ ನುಗ್ಗಿದೆ. ಆತ ರೊಟ್ಟಿ ಮುರಿಯುತ್ತಿದ್ದ. ಪಕ್ಕದಲ್ಲಿ ಮಲಗಿದ್ದ ನಾಯಿಗಳ ಮೂತಿಯಲ್ಲಿ ರಕ್ತ ಇನ್ನೂ ಒಣಗಿರಲಿಲ್ಲ.

"ನಾಯಿ ಬಿಟ್ಟಿರೇನು?"

"ಮುಂಡರಗಿ ಅಳಿಯನ ಜೀಪಿನ್ಯಾಗ ಒಯ್ದಿದ್ದೆ. ಕಟ್ಟಿಹಾಕು ಅಂತ ನೀನ ಹೇಳಿದ್ಯಲ್ಲ, ಕಟ್ಟೇ ಒಯ್ದಿದ್ದೆ. ಇಂಜಿನ್ ಬಂದ್ ಆತು, ಪಾಪ, ತಾವ ಬಂದ್ವು. ಆಮ್ಯಾಲ ಬಿಚ್ಚಿದೆ. ಒಂದು ಮರಿ ತಪ್ಪಿಸ್ಕೊಂಡೈತಿ, ನಾಡಿದ್ದು ಮತ್ತ ಹೊಕ್ಕೀನಿ. ಬಾ, ಕುಂಡ್ರು, ಉಣ್ಣು."

ರೊಟ್ಟಿ ಮುಟ್ಟದೆ ಹೊರಬಂದು ಜೀಪು ಹತ್ತಿದೆ.

ಮರುದಿನ ಒಬ್ಬನೇ ಹೋದೆ. ಬರಬೇಡ, ಬರಬೇಡ ಎಂದು ಅಲ್ಲಾಹನನ್ನು ಬೇಡಿಕೊಳ್ಳುತ್ತಲೇ ಇಂಜಿನ್ ನಿಲ್ಲಿಸಿದೆ. ಬಂತು. ಹಿಂಗಾಲು ಎಳೆಯುತ್ತ, ಬಾಲ ಆಡಿಸುತ್ತ, ನೇರ ನನ್ನ ಗಾಲಿಯ ಹತ್ತಿರ. ಈ ಸದ್ದಿಗೆ ಹೆದರುವುದನ್ನು ಇವತ್ತೇ ಕಲಿಯದಿದ್ದರೆ ಇದು ಉಳಿಯುವುದಿಲ್ಲ. ಎರಡು ವರ್ಷದಲ್ಲಿ ಮೊದಲ ಸಲ ನಾನು ಕೆಳಗಿಳಿದು ಕಲ್ಲು ಎತ್ತಿಕೊಂಡೆ.

ಮೊದಲನೆಯದು ಪಕ್ಕದಲ್ಲಿ ಬಿತ್ತು. ಮರಿ ಅದನ್ನು ಮೂಸಿ ನನ್ನ ಮುಖ ನೋಡಿತು. ಥೂ ನನ್ನ ಜನ್ಮಕ್ಕೆ, ಎರಡನೆಯದನ್ನು ಗಾಯದ ಕಾಲಿಗೇ ಗುರಿಯಿಟ್ಟೆ. ಚೀರಿಕೊಂಡು ಓಡಿತು.

ಕಲಿಯಿತೋ ಇಲ್ಲವೋ ನೋಡಬೇಕಲ್ಲ? ಜೀಪು ಹತ್ತಿ ಇಂಜಿನ್ ಚಾಲೂ ಮಾಡಿ, ಮತ್ತೆ ಬಂದ್ ಮಾಡಿದೆ.

ಕುಂಟುತ್ತ ಮತ್ತೆ ಬಂತು. ನಾನು ಇಳಿದು ಇನ್ನೂ ದೊಡ್ಡ ಕಲ್ಲು ಹುಡುಕಿದೆ.