ಸದ್ದಿಲ್ಲದ ಗೋಲು

ರೆಸೀಫಿ ನಗರದ ಗುಡ್ಡದ ಮನೆಗಳಲ್ಲಿ ಗುಟ್ಟು ಉಳಿಯುವುದಿಲ್ಲ. ಒಬ್ಬರ ಛಾವಣಿ ಇನ್ನೊಬ್ಬರ ಅಂಗಳಕ್ಕೆ ಸಮ. ಯಾರ ಮನೆಯಲ್ಲಿ ಮೀನು ಹುರಿದರು, ಯಾರ ಮನೆಯಲ್ಲಿ ಗಂಡಹೆಂಡಿರು ಮಾತು ಬಿಟ್ಟರು ಎಂಬ ಸುದ್ದಿ ಮೆಟ್ಟಿಲಿಳಿದು ಬಸ್ ನಿಲ್ದಾಣ ಮುಟ್ಟುವಷ್ಟರಲ್ಲಿ ಎಲ್ಲರ ಬಾಯಿಗೂ ಬಂದಿರುತ್ತದೆ. ಹೀಗಿದ್ದೂ ಅಮಾನ್ಸಿಯೊ ಮೇಸ್ತ್ರಿಯ ಮಗಳು ಮಾರ್ಲೂಸಿ ಮಾಳಿಗೆಯ ಕೋಣೆಯಲ್ಲಿ ಏನು ಮಾಡುತ್ತಾಳೆಂಬುದು ಯಾರಿಗೂ ಗೊತ್ತಿರಲಿಲ್ಲ. ಅವಳ ಅಪ್ಪನಿಗೇ ಗೊತ್ತಿರಲಿಲ್ಲ, ಅವನ ಉರಿಯೂ ಅದೇ ಆಗಿತ್ತು.

ಮೇಸ್ತ್ರಿ ಹಡಗುಕಟ್ಟೆಯಲ್ಲಿ ಬಾಯ್ಲರ್ ಕಟ್ಟುತ್ತಿದ್ದವನು. ಅದರ ಹೊಟ್ಟೆಯೊಳಗೆ ಕೂತು ತಗಡು ಬಡಿದೂ ಬಡಿದೂ ಕಿವಿ ಕಳೆದುಕೊಂಡಿದ್ದ. ಮಗಳು ಮಾತು ಕಲಿಯುವ ಹೊತ್ತಿಗಾಗಲೇ ಅವನಿಗೆ ಏನೂ ಕೇಳಿಸುತ್ತಿರಲಿಲ್ಲ. ಎದುರಿನವರ ತುಟಿ ನೋಡಿ ಮಾತು ಹಿಡಿಯುತ್ತಿದ್ದ. ತನ್ನ ದನಿ ಎಷ್ಟು ಜೋರೆಂಬುದು ಮಾತ್ರ ಅವನ ಅಂದಾಜಿಗೆ ಸಿಗುತ್ತಿರಲಿಲ್ಲ, ಹಾಗಾಗಿ ಅವನು ಪಿಸುಗುಟ್ಟಿದರೂ ಕೆಳಗಿನ ಓಣಿಯವರು ಕತ್ತೆತ್ತಿ ನೋಡುತ್ತಿದ್ದರು.

ಕೆಲಸವೆಂದರೆ ಅವನ ಪ್ರಕಾರ ನಸುಕಿನಲ್ಲಿ ಬುತ್ತಿ ಹಿಡಿದು ಬಸ್ಸು ಹತ್ತುವುದು, ಸಂಜೆ ಮೈಯೆಲ್ಲ ಮಸಿ ಮಾಡಿಕೊಂಡು ಇಳಿಯುವುದು. ಮಗಳು ನೋಡಿದರೆ ರಬ್ಬರ್ ಚಪ್ಪಲಿ ಮೆಟ್ಟಿಕೊಂಡೇ, ಬೆಣ್ಣೆ ಹಾಕಿದ ಮೆಕ್ಕೆಜೋಳದ ಉಪ್ಪಿಟ್ಟಿನಂಥ ಕುಸ್ಕುಸ್ ತಿಂದು, ಮಾಳಿಗೆ ಹತ್ತಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಸಾವೊ ಪೌಲೊದ ಕಂಪನಿ, ಮನೆಯಿಂದಲೇ ಕೆಲಸ, ಸದ್ಯಕ್ಕೆ ಪರೀಕ್ಷೆಯ ಮೇಲೆ ಇಟ್ಟುಕೊಂಡಿದ್ದಾರೆ ಎಂದಷ್ಟೇ ಹೇಳಿದ್ದಳು. ಹೆಚ್ಚು ಹೇಳದಿರುವುದಕ್ಕೆ ಕಾರಣವಿತ್ತು. ಹಿಂದೊಮ್ಮೆ ಅವಳಿಗೆ ಕಾಲ್ ಸೆಂಟರಿನಲ್ಲಿ ಕೆಲಸ ಸಿಕ್ಕಾಗ ಮೇಸ್ತ್ರಿ ಇಡೀ ಓಣಿಗೆ ಬಿಯರ್ ಕುಡಿಸಿದ್ದ. ಮಳೆಗಾಲ ಕಳೆಯುವಷ್ಟರಲ್ಲಿ ಆ ಕಂಪನಿ ಬಾಗಿಲು ಹಾಕಿತು. ಬಿಯರ್ ಕುಡಿದವರೆಲ್ಲ ಬಹಳ ದಿನ ಅವಳನ್ನು ಮರುಕದಿಂದ ನೋಡಿದರು. ಆ ನೋಟ ಮತ್ತೆ ಬೇಡವೆಂದು ಈ ಸಲ ಅವಳು ಬಾಯಿಗೆ ಬೀಗ ಹಾಕಿಕೊಂಡಿದ್ದಳು.

ಅವಳ ಕಿಟಕಿಯ ನೇರ ಕೆಳಗೆ ಜೆನಿವಾಲನ ಬಾರು. ಅಲ್ಲಿ ಡಾಮಿನೋ ಆಡುವ ಓಡಿಲಾನ್, ಬಸ್ ಓಡಿಸಿ ನಿವೃತ್ತನಾದವನು, ಮೇಸ್ತ್ರಿಯನ್ನು ಕೆಣಕದ ದಿನವಿರಲಿಲ್ಲ. ಮಗಳು ಬೀರುವಿನೊಳಗೆ ಕೂತು ಒಬ್ಬಳೇ ಮಾತಾಡುತ್ತಾಳಂತಲ್ಲ, ಯಾವ ಸಂತನಿಗೆ ಹರಕೆ ಎಂದು ಕೇಳುತ್ತಿದ್ದ. ಕಂಪನಿ ಕೆಲಸ ಎಂದು ಮೇಸ್ತ್ರಿ ಹೇಳುತ್ತಿದ್ದುದು ನೆಲ ನೋಡಿಕೊಂಡು. ಬೀರುವಿನ ಒಳಗೋಡೆಗೆ ಹಾಸಿಗೆ ಮೊಳೆ ಹೊಡೆದು ಅಲ್ಲಿ ಕೂರುವ ಕಂಪನಿಯನ್ನು ಅವನು ಎಲ್ಲೂ ಕಂಡಿರಲಿಲ್ಲ.

ಅವನಿಗಿದ್ದ ಒಂದೇ ಸುಖವೆಂದರೆ ಟೀವಿಯ ಕೆಳಗೆ, ಆಡುವ ಮಾತಿನ ಜೊತೆಗೇ ಓಡುವ ಅಕ್ಷರಗಳು. ಅವಿಲ್ಲದಿದ್ದರೆ ಜಗತ್ತು ಅವನ ಪಾಲಿಗೆ ಬಾಯಿ ಆಡಿಸುವ ಮೀನುಗಳ ತೊಟ್ಟಿ. ಮೊದಲೆಲ್ಲ ಆ ಅಕ್ಷರಗಳು ತಡವಾಗಿ, ಅರ್ಧಂಬರ್ಧ ಬರುತ್ತಿದ್ದವು. ಈಚೆಗೆ ಮಧ್ಯಾಹ್ನದ ವಾರ್ತೆಗೆ ಯಾರೋ ಹೊಸಬರು ಬಂದಿದ್ದರು. ಒಂದು ಮಾತು ಬಿಡುತ್ತಿರಲಿಲ್ಲ, ಒಂದು ಹೆಸರು ಕೆಡುತ್ತಿರಲಿಲ್ಲ. ಇವನು ಕೆಲಸಗಾರ ನೋಡಿ, ತಗಡಿಗೆ ತಗಡು ಕೂರಿಸಿದ ಹಾಗೆ ಕೂರಿಸುತ್ತಾನೆ ಎಂದು ಮೇಸ್ತ್ರಿ ಬಾರಿನಲ್ಲಿ ಸಾರಿದ್ದ. ಮನೆಯಲ್ಲಿ ಹೇಳಿದಾಗ ಮಾರ್ಲೂಸಿ ಕಾಫಿ ಬಗ್ಗಿಸುತ್ತಿದ್ದವಳು ತಲೆ ಎತ್ತಲೇ ಇಲ್ಲ.

ಆ ಭಾನುವಾರ ನಾಲ್ಕು ಗಂಟೆಗೆ ದೊಡ್ಡ ಫುಟ್‌ಬಾಲ್ ಪಂದ್ಯ. ಕೆಂಪು, ಕಪ್ಪು, ಬಿಳಿ ಅಂಗಿಯ ತಂಡವೆಂದರೆ ಗುಡ್ಡದವರಿಗೆ ಪ್ರಾಣ. ಎದುರಾಳಿ ಊರಿನದೇ ಇನ್ನೊಂದು ತಂಡ, ಅದರ ಹೆಸರನ್ನು ಮೇಸ್ತ್ರಿ ಮನೆಯೊಳಗೆ ಆಡಿದವನಲ್ಲ. ಮಗಳು ಊಟ ಅರ್ಧಕ್ಕೇ ಬಿಟ್ಟು ಮಾಳಿಗೆ ಹತ್ತಿದಳು. ಭಾನುವಾರವೂ ಏನು ಕಂಪನಿ ಎಂದು ಮೂಗು ಮುರಿದು ಅವನು ಟೀವಿಯ ಮುಂದೆ ಕೂತ.

ಅಕ್ಷರಗಳು ಮೊದಲು ಚೆನ್ನಾಗಿಯೇ ಬಂದವು. ಅದೇ ಕೆಲಸಗಾರ ಎಂದು ಅವನಿಗೆ ಗುರುತು ಸಿಕ್ಕಿ ಖುಷಿಯಾಯಿತು. ಅಷ್ಟರಲ್ಲಿ ಏನಾಯಿತೋ, ಸಾಲುಗಳು ಹದಗೆಟ್ಟವು. ಚೆಂಡು ಮೂಲೆಗೆ ಹೋದಾಗ ಕೆಳಗೆ "ನನ್ನ ಹೃದಯ" ಎಂದು ಬಂತು. ಗೋಲ್‌ಕೀಪರ್ ಬಿದ್ದಾಗ "ಕುಣಿ ಕುಣಿ" ಎಂದು ಬಂತು. ಪಿತ್ತ ನೆತ್ತಿಗೇರಿ ಮೇಸ್ತ್ರಿ ಬರೆಯುವವನ ವಂಶವನ್ನೆಲ್ಲ ಜಾಲಾಡಿದ. ಕತ್ತೆಯನ್ನು ತಂದು ಕೂರಿಸಿದ್ದಾರೆ, ಒದ್ದು ಓಡಿಸಬೇಕು ಎಂದು ಕೂಗಿದ್ದು ಮಾಳಿಗೆಗೇನು, ಮೇಲಿನ ಓಣಿಗೂ ಕೇಳಿಸಿರಬೇಕು.

ಅರ್ಧ ಪಂದ್ಯ ಮುಗಿದು ಬಿಡುವಾದಾಗ ಮಾರ್ಲೂಸಿ ಇಳಿದು ಬಂದು ಟೀವಿಗೆ ಅಡ್ಡ ನಿಂತಳು.

"ಆ ಕತ್ತೆ ನಾನೇ ಅಪ್ಪ," ಎಂದಳು.

ಅವನಿಗೆ ಅರ್ಥವಾಗಲಿಲ್ಲ. ಅವಳು ಎದುರು ಕೂತು, ಅವನೊಡನೆ ಯಾವಾಗಲೂ ಆಡುವಂತೆ ತುಟಿ ಬಿಡಿಸಿ ಹೇಳಿದಳು. ಆಟದ ವಿವರಣೆ ಅವಳ ಕಿವಿಗೆ ಬರುತ್ತದೆ. ಅವಳು ಅದನ್ನು ಒಂದೊಂದು ಮಾತೂ ಬಿಡದೆ ಮೈಕಿಗೆ ಮತ್ತೆ ಹೇಳುತ್ತಾಳೆ. ಅವಳ ದನಿಯನ್ನು ಯಂತ್ರ ಅಕ್ಷರ ಮಾಡುತ್ತದೆ, ದೇಶದ ಟೀವಿಗಳಿಗೆಲ್ಲ ಅದು ಹೋಗುತ್ತದೆ. ಹೊರಗಿನ ಸದ್ದು ಬಾರದಿರಲೆಂದೇ ಬೀರುವಿಗೆ ಹಾಸಿಗೆ ಹೊಡೆದದ್ದು. ವಾರ್ತೆಯ ಹೊತ್ತಿಗೆ ಬಾರು ತೆಪ್ಪಗಿರುತ್ತದೆ. ಇವತ್ತು ಜೆನಿವಾಲ್ ಹೊಸ ಸ್ಪೀಕರ್ ಪೆಟ್ಟಿಗೆ ತಂದು ಕಿಟಕಿಯ ಕೆಳಗೇ ಇಟ್ಟಿದ್ದಾನೆ, ಅವನ ಹಾಡನ್ನೂ ಯಂತ್ರ ಅಕ್ಷರ ಮಾಡುತ್ತಿದೆ. ಕಿಟಕಿಯಿಂದ ಬೇಡಿಕೊಂಡರೆ ಕೆಳಗಿನವರು ನಕ್ಕರು. ಸಾವೊ ಪೌಲೊದಲ್ಲಿ ಕೂತ ಮೇಲಿನವರು ಈಗಷ್ಟೇ ಹೇಳಿದ್ದಾರೆ: ಉಳಿದರ್ಧವೂ ಹೀಗೇ ಆದರೆ ನಾಳೆಯಿಂದ ಬೇಡ, ಸರಿಹೋದರೆ ಇವತ್ತೇ ಖಾಯಂ.

"ಮಧ್ಯಾಹ್ನದ ವಾರ್ತೆನೂ ನೀನೇನಾ?"

"ನಾನೇ. ಈ ಕೆಲಸಕ್ಕೆ ಎಷ್ಟೋ ಜನ ಬಂದಿದ್ರು ಅಪ್ಪ. ಇಷ್ಟು ಬಿಡಿಸಿ ಮಾತಾಡೋದು ಎಲ್ಲಿ ಕಲಿತೆ ಅಂತ ಕೇಳಿ ನನ್ನನ್ನ ತಗೊಂಡ್ರು. ನಿನ್ನ ಹತ್ರ ಮಾತಾಡಿ ಮಾತಾಡಿ ಕಲಿತಿದ್ದು, ಇನ್ನೆಲ್ಲಿ?"

ಹೇಳಿದವಳೇ ಮೆಟ್ಟಿಲು ಹತ್ತಿಬಿಟ್ಟಳು, ಬಿಡುವು ಮುಗಿಯುತ್ತ ಬಂದಿತ್ತು. ತನ್ನ ಕಿವಿ ಹೋದದ್ದರಿಂದ ಮನೆಗೆ ಕಷ್ಟವಲ್ಲದೆ ಏನೂ ಬರಲಿಲ್ಲವೆಂದು ಮೇಸ್ತ್ರಿ ಇಷ್ಟು ವರ್ಷ ನಂಬಿದ್ದ. ಕಣ್ಣೊರೆಸಿಕೊಂಡು, ಟೀವಿ ಆರಿಸದೆಯೇ, ಬಾರಿಗೆ ಇಳಿದ.

ಅಲ್ಲಿ ಜನ ಕಿಕ್ಕಿರಿದಿತ್ತು. ಬಿಸಿ ಕಾಳುಸಾರಿನ ಪುಟ್ಟ ಗ್ಲಾಸುಗಳು, ಬಿಯರು, ಡಾಮಿನೋ ಬಿಲ್ಲೆಗಳನ್ನು ಮೇಜಿಗೆ ಬಡಿಯುವ ಕೈಗಳು. ಮೇಸ್ತ್ರಿ ನೇರ ಸ್ಪೀಕರ್ ಪೆಟ್ಟಿಗೆಯ ಹತ್ತಿರ ಹೋಗಿ ಅದರ ಮೇಲೆ ಅಂಗೈ ಇಟ್ಟ. ಒಳಗೆ ಧಿಮಿಗುಟ್ಟುತ್ತಿತ್ತು. ಆರಿಸು ಎಂದ.

ಬಾರಿಗೆ ಬಾರೇ ನಕ್ಕಿತು. ಓಡಿಲಾನ್ ಬಿಲ್ಲೆ ಹಿಡಿದ ಕೈಯಲ್ಲೇ ಕಣ್ಣೊರೆಸಿಕೊಂಡ. "ಏನ್ ಮೇಸ್ತ್ರಿ, ಕಿವಿಗೆ ತೊಂದ್ರೆ ಆಗ್ತಿದೆಯಾ ನಿಂಗೆ?"

"ನನ್ನ ಮಗಳು ಕೆಲಸದಲ್ಲಿದ್ದಾಳೆ," ಎಂದ ಮೇಸ್ತ್ರಿ. ಈ ಸಲ ಅವನು ನೆಲ ನೋಡಲಿಲ್ಲ. "ನಾನು ಬಾಯ್ಲರ್ ಒಳಗಿದ್ದಾಗ ಹೊರಗಿನವರು ಯಾರೂ ವಾಲ್ವಿಗೆ ಕೈ ಹಾಕ್ತಿರ್ಲಿಲ್ಲ. ಒಳಗೆ ಒಬ್ಬ ಮನುಷ್ಯ ಇದ್ದಾನೆ ಅಂತ ಮರ್ಯಾದೆ ಇತ್ತು. ಈಗ ಒಳಗೆ ಅವಳಿದ್ದಾಳೆ. ಆರಿಸ್ತೀಯೋ, ಇಲ್ಲ ಕಿತ್ತು ಮೆಟ್ಟಿಲ ಮೇಲಿಂದ ಉರುಳಿಸ್ಲೋ?"

ಜೆನಿವಾಲ್ ಅವನ ಮುಖ ನೋಡಿ ಗುಂಡಿ ಒತ್ತಿದ. ಅಂಗೈ ಕೆಳಗೆ ಪೆಟ್ಟಿಗೆ ತಣ್ಣಗಾದದ್ದು ಮೇಸ್ತ್ರಿಗೆ ತಿಳಿಯಿತು. ಟೀವಿಯ ದನಿಯನ್ನೂ ಅವನೇ ನಿಂತು ತೆಗೆಸಿದ, ಅಕ್ಷರ ಹಾಕಿಸಿದ. ದನಿಯಿಲ್ಲದ ಪಂದ್ಯವೂ ಒಂದು ಪಂದ್ಯವಾ ಎಂದು ಗೊಣಗಾಟ ಶುರುವಾಯಿತು. ಅಷ್ಟರಲ್ಲಿ ಆಟ ಮತ್ತೆ ಆರಂಭವಾಗಿ, ಜೆನಿವಾಲ್ ಥಟ್ಟನೆ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದ. ಅವನ ಕಣ್ಣು ಮೇಲಿನ ಕಿಟಕಿಯತ್ತ ಹೋಯಿತು, ಆಮೇಲೆ ಟೀವಿಗೆ, ಮತ್ತೆ ಕಿಟಕಿಗೆ. ಉಳಿದವರ ಕತ್ತುಗಳೂ ಹಾಗೇ ತಿರುಗಿದವು. ಮೇಲಿನಿಂದ ಮಾರ್ಲೂಸಿಯ ಸಣ್ಣ ದನಿ ಇಳಿದು ಬರುತ್ತಿದೆ, ಅವಳು ಆಡಿದ್ದೇ ಕ್ಷಣ ಬಿಟ್ಟು ಅಕ್ಷರವಾಗಿ ಮೂಡುತ್ತಿದೆ ಎಂದು ಮೇಸ್ತ್ರಿ ಆ ಮುಖಗಳಲ್ಲಿ ಓದಿಕೊಂಡ. ಓಡಿಲಾನನ ಬಾಯಿ ತೆರೆದದ್ದು ಹಾಗೇ ಇತ್ತು.

"ದೇಶಕ್ಕೆಲ್ಲ ಇವಳೇನಾ?" ಎಂದು ಅವನು ತುಟಿಯಲ್ಲೇ ಕೇಳಿದ.

ಮೇಸ್ತ್ರಿ ಎದೆಯುಬ್ಬಿಸಿ ತಲೆಯಾಡಿಸಿದ.

ಆಮೇಲೆ ಯಾರಿಗೂ ಹೇಳಬೇಕಾಗಲಿಲ್ಲ. ಯಾರೋ ಮೇಜಿನ ಮೇಲೆ ಟವೆಲು ಹಾಸಿದರು, ಬಿಲ್ಲೆಗಳು ಮೆತ್ತಗೆ ಇಳಿದವು. ಬಿಯರ್ ಮುಚ್ಚಳಗಳನ್ನು ಜೆನಿವಾಲ್ ಅಂಗಿಯ ಚುಂಗಿನೊಳಗೆ ಹಿಡಿದು ತೆಗೆದ. ಪಟಾಕಿ ತಂದಿದ್ದ ಓಡಿಲಾನ್ ಬೆಂಕಿಪೊಟ್ಟಣವನ್ನು ತಾನಾಗಿಯೇ ತಂದು ಮೇಸ್ತ್ರಿಯ ಕೈಗಿಟ್ಟ. ಮೆಟ್ಟಿಲಲ್ಲಿ ಹತ್ತಿ ಬರುತ್ತಿದ್ದವರನ್ನು ಹೆಂಗಸರು ತುಟಿಗೆ ಬೆರಳಿಟ್ಟು ತಡೆದರು. ಅಕ್ಷರಗಳು ಒಂದರ ಹಿಂದೊಂದು, ಒಂದೂ ಮುಕ್ಕಾಗದೆ ಓಡುತ್ತಿದ್ದವು. ಇಷ್ಟು ಒಳ್ಳೆಯ ಪಂದ್ಯವನ್ನು ಮೇಸ್ತ್ರಿ ಜನ್ಮದಲ್ಲೇ ನೋಡಿರಲಿಲ್ಲ, ಆಟವನ್ನಂತೂ ಅವನು ಸರಿಯಾಗಿ ನೋಡುತ್ತಲೇ ಇರಲಿಲ್ಲ.

ಇನ್ನೇನು ಸೀಟಿ ಊದಬೇಕು, ಎರಡೂ ಕಡೆ ಗೋಲಿಲ್ಲ. ಅಷ್ಟರಲ್ಲಿ ಗುಡ್ಡದವರ ತಂಡದ ಹುಡುಗನೊಬ್ಬ ಬಲಬದಿಯಿಂದ ನುಗ್ಗಿ ಒದ್ದ. ಚೆಂಡು ಬಲೆಯೊಳಗೆ ಹೋಯಿತು.

ಬಾರೆಲ್ಲ ಎದ್ದು ನಿಂತಿತು. ಬಾಯಿಗಳು ತೆರೆದವು, ಕತ್ತಿನ ನರಗಳು ಉಬ್ಬಿದವು, ಒಬ್ಬರನ್ನೊಬ್ಬರು ತಬ್ಬಿ ಎತ್ತಿದರು, ಓಡಿಲಾನ್ ಮಂಡಿಯೂರಿ ನೆಲಕ್ಕೆ ಮುತ್ತಿಟ್ಟ. ಯಾರೊಬ್ಬರೂ ತುಟಿಪಿಟಕ್ಕೆನ್ನಲಿಲ್ಲ. ಕೂಗಿಬಿಟ್ಟರೆ ತನಗೇ ತಿಳಿಯದೆಂದು ಮೇಸ್ತ್ರಿ ಟೋಪಿಯನ್ನು ಬಾಯಿಗೆ ತುರುಕಿಕೊಂಡು ಹಲ್ಲಲ್ಲಿ ಕಚ್ಚಿ ಹಿಡಿದಿದ್ದ. ಎಷ್ಟೋ ವರ್ಷಗಳಿಂದ ಗೋಲೆಂದರೆ ಅವನಿಗೆ ಹೀಗೇ ಇತ್ತು. ಇವತ್ತು ಅವರೆಲ್ಲ ಅವನಿದ್ದಲ್ಲಿಗೆ ಬಂದು ಕುಣಿಯುತ್ತಿದ್ದರು. ಟೀವಿಯ ಕೆಳಗೆ ಮಗಳ ಅಕ್ಷರ ಮೂಡಿತು: ಗೋಲ್.

ಸೀಟಿ ಊದಿದರು. ಯಾರೂ ಕದಲಲಿಲ್ಲ, ಎಲ್ಲರ ಕಣ್ಣೂ ಕಿಟಕಿಯ ಮೇಲೆ. ಬಹಳ ಹೊತ್ತಿನ ಮೇಲೆ ಮಾರ್ಲೂಸಿ ಬಂದು ಕಿಟಕಿಗೆ ಒರಗಿ ನಿಂತಳು. ಮಾತಾಡಿ ಮಾತಾಡಿ ಅವಳ ಗಂಟಲು ಕಟ್ಟಿತ್ತು. ಅಪ್ಪನನ್ನು ಹುಡುಕಿ, ತುಟಿ ಬಿಡಿಸಿ, ದನಿಯಿಲ್ಲದೆ ಏನೋ ಹೇಳಿದಳು.

ಏನಂತೆ, ಏನಂದಳು ಎಂದು ಎಲ್ಲರೂ ಅವನ ತೋಳು ಹಿಡಿದು ಜಗ್ಗಿದರು. ಆ ಓಣಿಯಲ್ಲಿ ಅವಳ ಮಾತು ಮುಟ್ಟಿದ್ದು ಅವನೊಬ್ಬನಿಗೆ. ಮೇಸ್ತ್ರಿ ಬೆಂಕಿಪೊಟ್ಟಣವನ್ನು ಓಡಿಲಾನನ ಕೈಗೆ ಹಾಕಿ, "ನನ್ನ ಮಗಳು ಖಾಯಂ ಆದ್ಲು," ಎಂದು ತನ್ನ ದನಿಯಿದ್ದಷ್ಟೂ ಕೂಗಿದ. ಆಗ ಗುಡ್ಡದವರು ಹಿಡಿದಿಟ್ಟಿದ್ದ ಗೋಲನ್ನು ಕೂಗಿದರು. ಪಟಾಕಿಗಳು ಹಾರಿದವು. ಮೇಸ್ತ್ರಿಯ ಅಂಗಾಲಿನ ಕೆಳಗೆ ನೆಲ ನಡುಗಿತು, ಅವನು ಮಗಳನ್ನೇ ನೋಡುತ್ತ ನಿಂತಿದ್ದ.