ಹದಿನಾಲ್ಕನೆಯ ಸಾಲು

"ನಿಮ್ಮ ಹಾಳೆಯ ಹದಿನಾಲ್ಕನೇ ಸಾಲಿಗೆ ಬಂದೆ ಸಾರ್. ಹೊಸ ಡಿಸ್ಕ್ ಸಿಕ್ಕಿದೆ, ಸಿದ್ಧ ಮಾಡಲಾ ಅಂತ ಕೇಳ್ತು. ನೀವು ಬರೆದ ಹಾಗೆ ಹೌದು ಅಂತ ಒತ್ತಿದೆ," ಎಂದಳು ಸಹೋದ್ಯೋಗಿ.

ಸರ್ವರುಗಳ ಹಿಂದೆ ಮಂಡಿಯೂರಿ ಕೇಬಲ್ ಸಿಕ್ಕಿಸುತ್ತಿದ್ದ ಎಂಜಿನಿಯರನ ಕೈ ಅಲ್ಲೇ ನಿಂತಿತು.

"ಯಾವ ಡಿಸ್ಕು?"

"ಧ್ವನಿ ವಿಭಾಗದ್ದು."

ಆಸ್ಪತ್ರೆಯ ಆ ತಣ್ಣನೆಯ ಕೋಣೆಯಲ್ಲಿ ಎರಡು ಸರ್ವರುಗಳು ಡಿಸ್ಕುಗಳೆಲ್ಲ ಇರುವ ಒಂದೇ ಸ್ಟೋರೇಜ್ ಪೆಟ್ಟಿಗೆಗೆ ಜೋತುಬಿದ್ದಿದ್ದವು. ಒಂದನ್ನು ನಿಲ್ಲಿಸಿದರೆ ಇನ್ನೊಂದು ಹೊರೆ ಹೊರುತ್ತದೆ. ಹಾಗಾಗಿ ಹಾಡಹಗಲಲ್ಲೇ, ವಾರ್ಡುಗಳಲ್ಲಿ ಯಾರಿಗೂ ಗೊತ್ತಾಗದಂತೆ, ಒಂದೊಂದಾಗಿ ಸರ್ವರನ್ನು ಪೆಟ್ಟಿಗೆಗೆ ಜೋಡಿಸುವ ಹಳೆಯ ಕಾರ್ಡ್ ಕಿತ್ತು ಹೊಸದನ್ನು ಹಾಕುವ ಕೆಲಸ ನಡೆದಿತ್ತು. ಮೊದಲನೆಯದು ಈ ಪ್ರಶ್ನೆ ಕೇಳದೆ ಹೂವೆತ್ತಿದ ಹಾಗೆ ಮುಗಿದಿತ್ತು. ಎರಡನೆಯದರ ಹೊಸ ಕಾರ್ಡು ಹಳೆಯ ಡಿಸ್ಕಿನ ಗುರುತು ಹಿಡಿಯದೆ, ಅದನ್ನು ಹೊಸದೆಂದುಕೊಂಡು ಕೇಳಿತ್ತು. ಹೌದು ಎಂದರೆ ಒಳಗಿರುವುದನ್ನೆಲ್ಲ ಒರೆಸಿ ಹಾಕುತ್ತದೆ.

ಸಾಲುಗಳನ್ನು ಬರೆದವನು ಅವನೇ. ಕಳೆದ ವಾರ ಅಭ್ಯಾಸಕ್ಕೆಂದು ಖಾಲಿ ಡಿಸ್ಕುಗಳ ಮೇಲೆ ಇಡೀ ಕೆಲಸ ಮಾಡಿ ನೋಡಿ, ಒತ್ತಿದ್ದನ್ನೆಲ್ಲ ಒತ್ತಿದ ಹಾಗೇ ಇಪ್ಪತ್ತೆರಡು ಸಾಲುಗಳಲ್ಲಿ ಇಳಿಸಿದ್ದ. ಖಾಲಿ ಡಿಸ್ಕಿಗೆ ಹೌದು ಎನ್ನದೆ ಇನ್ನೇನು ಎನ್ನಬೇಕು? "ಈ ಹಾಳೆ ನೋಡ್ಕೊಂಡು ಕಣ್ಮುಚ್ಚಿ ಮಾಡಬಹುದು" ಎಂದು ಅವಳೆದುರು ಜಂಬ ಬೇರೆ ಕೊಚ್ಚಿಕೊಂಡಿದ್ದ. ಅವಳು ಪಾಪ, ಕಣ್ಣು ಬಿಟ್ಟುಕೊಂಡೇ ಮಾಡಿದ್ದಳು.

ಆ ಡಿಸ್ಕಿನಲ್ಲಿ ನಲವತ್ತೆರಡು ಜನರ ದನಿಯಿತ್ತು. ಗಂಟಲಿನ ಶಸ್ತ್ರಚಿಕಿತ್ಸೆಯಲ್ಲಿ ಮಾತು ಕಳೆದುಕೊಳ್ಳಲಿದ್ದವರನ್ನು ಮೊದಲೇ ಕೂರಿಸಿ, ಗಂಟೆಗಟ್ಟಲೆ ಓದಿಸಿ ಧ್ವನಿಮುದ್ರಿಸಿಕೊಂಡು, ಮುಂದೆ ಯಂತ್ರವೊಂದು ಅವರವರ ದನಿಯಲ್ಲೇ ಮಾತಾಡುವಂತೆ ಮಾಡುತ್ತಿದ್ದರು. ನಲವತ್ತೆರಡರಲ್ಲಿ ಒಂದು ಅವನ ಅಕ್ಕನದು. ಇದೆಲ್ಲ ಯಾಕೋ ಎಂದವಳನ್ನು ಕಾಡಿ ಬೇಡಿ ಕರೆತಂದವನು ಇವನೇ. ಮೂರು ದಿನ ಕೂತು ಓದಿದ್ದಳು. ಆಪರೇಷನ್ ಆಗಿ ಹದಿನೈದು ದಿನವಾಗಿತ್ತು.

"ನಕಲು ಇರುತ್ತಲ್ಲ ಸಾರ್?" ಎಂದಳು ಸಹೋದ್ಯೋಗಿ.

ಇರಲಿಲ್ಲ. ಹಳೆಯ ಕಾರ್ಡುಗಳಲ್ಲಿ ನಕಲು ತೆಗೆಯುವ ಕೆಲಸ ತೆವಳಿಕೊಂಡು ಹೋಗಿ ಉಳಿದದ್ದನ್ನೂ ನಿಲ್ಲಿಸಿಬಿಡುತ್ತಿತ್ತು. ಕಾರ್ಡ್ ಬದಲಾಗಲಿ, ಆಮೇಲೆ ಧ್ವನಿ ವಿಭಾಗದ್ದನ್ನೂ ನಕಲಿನ ಪಟ್ಟಿಗೆ ಸೇರಿಸೋಣ ಎಂದವನೂ ಅವನೇ. ಅವನು ನೆಲದ ಮೇಲೇ ಕುಳಿತು ಫೋನು ಹಚ್ಚಿದ.

ಸ್ಟೋರೇಜ್ ಕಂಪನಿಯವನು ಫೋನಿನಲ್ಲಿ ಎಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಂಡ. "ಖಾಲಿಯಾದ ಜಾಗಾನ ಪೆಟ್ಟಿಗೆ ತಾನೇ ವಾಪಸ್ ತಗೊಂಡು ಒರೆಸಿಬಿಡುತ್ತೆ ಸಾರ್. ಅದಕ್ಕೇ ಎಲ್ಲರೂ ಇದನ್ನ ಮೆಚ್ಕೋತಾರೆ. ಎಷ್ಟು ಹೊತ್ತಾಯ್ತು?"

"ಇಪ್ಪತ್ತು ನಿಮಿಷ."

"ಹಾಗಾದ್ರೆ ಕಷ್ಟ." ಆಮೇಲೆ ತಾನೇ ತಿದ್ದಿ ಹೇಳಿದ, "ಕಷ್ಟ ಏನು, ಇಲ್ಲ ಅಂತಲೇ ಇಟ್ಕೊಳ್ಳಿ."

ಸಹೋದ್ಯೋಗಿ ಮುಖ ಮುಚ್ಚಿಕೊಂಡು ಅಳುತ್ತಿದ್ದಳು. "ನಿಂದೇನೂ ತಪ್ಪಿಲ್ಲಮ್ಮ. ನಾನು ಬರೆದಿದ್ದೇ ಹಾಗೆ" ಎಂದ. ಮೇಲಿನವರಿಗೆ ಅದನ್ನೇ ಬರೆದು ಕಳುಹಿಸಿದ. ಹೊಸ ಕಾರ್ಡುಗಳು ಹಸಿರು ದೀಪ ಮಿನುಗಿಸುತ್ತ ಹಿಂದಿಗಿಂತ ಎಂಟು ಪಟ್ಟು ಚುರುಕಾಗಿ ಓಡುತ್ತಿದ್ದವು.

ಸಂಜೆ ಅಕ್ಕನ ಮನೆಯ ಬಾಗಿಲು ತೆಗೆದದ್ದು ಭಾವ. "ಬಾರಪ್ಪ. ಆ ಮೆಷಿನ್ ಯಾವಾಗ ಕೊಡ್ತಾರಂತೆ ಕೇಳಿ ಅಂತ ಬೆಳಗ್ಗಿಂದ ಬರೆದು ಬರೆದು ತೋರಿಸಿ ನನ್ನ ತಲೆ ತಿಂತಿದ್ದಾಳೆ."

ಅಕ್ಕ ಕಿಟಕಿಯ ಬಳಿ ಕೂತು ಬಟ್ಟೆ ಮಡಿಸುತ್ತಿದ್ದಳು. ಕುತ್ತಿಗೆಯ ರಂಧ್ರದ ಮೇಲೆ ತೆಳುವಾದ ಬಿಳಿ ಬಟ್ಟೆಯಿತ್ತು. ಇವನನ್ನು ನೋಡಿ ಹುಬ್ಬು ಹಾರಿಸಿದಳು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಮರೆತುಹೋಯಿತು.

"ಅಕ್ಕಾ, ನೀನು ಓದಿದ್ದು ಅಳಿಸಿಹೋಯ್ತು. ಎಲ್ಲರದ್ದೂ ಹೋಯ್ತು. ನನ್ನಿಂದಲೇ."

ಅಕ್ಕನ ಬೈಗುಳಕ್ಕೆ ಬಂಧುಬಳಗದಲ್ಲೆಲ್ಲ ಹೆಸರಿತ್ತು. ಶುರು ಮಾಡಿದರೆ ಪಕ್ಕದ ಮನೆಯವರು ರೇಡಿಯೋ ಆರಿಸಿ ಕೇಳುತ್ತಿದ್ದರು. ಅವನಂತೂ ಚಿಕ್ಕಂದಿನಿಂದ ಅದಕ್ಕೆ ಕಿವಿ ಮುಚ್ಚಿಕೊಂಡು ಓಡಿದವನೇ.

ಅವಳು ಮಡಿಸುತ್ತಿದ್ದ ಬಟ್ಟೆ ಕೆಳಗಿಟ್ಟು ಎದ್ದಳು. ಬರೆಯುವ ಹಲಗೆ ಕೈಗೆಟುಕುವಲ್ಲೇ ಇತ್ತು, ಮುಟ್ಟಲಿಲ್ಲ. ಅವನ ಮುಖಕ್ಕೆ ಬೆರಳು ತೋರಿಸುತ್ತ ಬೈಯತೊಡಗಿದಳು. ತುಟಿಗಳು ಒಂದೇ ಸಮನೆ ಆಡುತ್ತಿದ್ದವು, ಕುತ್ತಿಗೆಯ ಬಟ್ಟೆ ಉಸಿರಿಗೆ ಉಬ್ಬಿ ಇಳಿಯುತ್ತಿತ್ತು. ಒಂದು ಮಾತೂ ತಿಳಿಯಲಿಲ್ಲ. ಅವಳು ಮುಗಿಸುವವರೆಗೂ ಅವನು ತಲೆ ತಗ್ಗಿಸದೆ ಅವಳ ಬಾಯನ್ನೇ ನೋಡುತ್ತ ನಿಂತಿದ್ದ.